ಅರ್ಧ ಡಿಕ್ಷನರಿಯ ಇಂಗ್ಲಿಷು

ಕೆಲವರಿಗೆ ಬದನೆಕಾಯಿ ಆಗುವುದಿಲ್ಲ, ಕೆಲವರಿಗೆ ಧೂಳು ಆಗುವುದಿಲ್ಲ, ನನಗೆ ಇಂಗ್ಲಿಷ್ ಆಗುವುದಿಲ್ಲ. ನಾನು ಬಾಯಿ ತೆರೆದು ಒಂದು ಇಂಗ್ಲಿಷ್ ಪದ ಆಡಿದೆ ಎಂದರೆ ಎಲ್ಲೋ ಒಂದು ಕಡೆ ಏನೋ ಒಂದು ಎಡವಟ್ಟು ಆಗಿಯೇ ತೀರುತ್ತದೆ. ಹಾಗಂತ ಬಾಯಿ ಮುಚ್ಚಿಕೊಂಡು ಕೂರುವ ಜಾಯಮಾನ ನನ್ನದಲ್ಲ.

ನಾನಿರುವುದು ಭದ್ರಾವತಿಯ ನ್ಯೂ ಟೌನ್‌ನಲ್ಲಿ. ಕೆಲಸ ಶಿವಮೊಗ್ಗದ ದುರ್ಗಿಗುಡಿಯ ಒಂದು ಖಾಸಗಿ ಕಾಲೇಜಿನ ಆಫೀಸಿನಲ್ಲಿ. ಇಪ್ಪತ್ತೆರಡು ವರ್ಷದಿಂದ ಕ್ಲರ್ಕು. ಹೋದ ವರ್ಷ ನಮ್ಮ ಸೂಪರಿಂಟೆಂಡೆಂಟ್ ರಿಟೈರ್ ಆದರು. ಆ ಕುರ್ಚಿ ನನಗೇ ಬರಬೇಕು ಎಂದು ನಾನು ಅಂದುಕೊಂಡಿದ್ದೆ, ಆಫೀಸಿನವರೆಲ್ಲ ಅಂದುಕೊಂಡಿದ್ದರು. ಆಡಳಿತ ಮಂಡಳಿಯ ಸೆಕ್ರೆಟರಿ ಮಾತ್ರ ನನ್ನನ್ನು ಕರೆದು ಬೇರೆ ರಾಗ ತೆಗೆದರು.

"ನೋಡೀಮ್ಮ, ಕೆಲಸದಲ್ಲಿ ನಿಮ್ಮನ್ನ ಬಿಟ್ರೆ ಇಲ್ಲ. ಆದ್ರೆ ಸರ್ಕ್ಯುಲರ್ ಎಲ್ಲ ಇಂಗ್ಲಿಷಲ್ಲೇ ಆಗ್ಬೇಕು. ನಿಮ್ಮ ಇಂಗ್ಲಿಷು ಸ್ವಲ್ಪ ತೆಳು. ಮೂರು ತಿಂಗಳು ಇನ್‌ಚಾರ್ಜ್ ಆಗಿ ನೋಡ್ಕೊಳ್ಳಿ. ಆಮೇಲೆ ಇಂಟರ್‌ವ್ಯೂ ಮಾಡ್ತೀವಿ. ಆಗ್ಲಿಲ್ಲ ಅಂದ್ರೆ ಹೊರಗಿನವರು ಯಾರನ್ನಾದ್ರೂ ತಗೊಳ್ತೀವಿ."

ನನ್ನ ಸಾರನ್ನು ಕೂಡ ಇವತ್ತಿನವರೆಗೆ ಯಾರೂ ತೆಳು ಅಂದಿರಲಿಲ್ಲ. ಆ ಮಾತು ಎದೆಗೆ ಚುಚ್ಚಿತು. ಮೂರು ತಿಂಗಳಲ್ಲಿ ಈ ಇಂಗ್ಲಿಷನ್ನು ಚಮಚ ನಿಲ್ಲುವಷ್ಟು ಗಟ್ಟಿ ಮಾಡದಿದ್ದರೆ ನಾನು ನಾನೇ ಅಲ್ಲ ಎಂದು ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿದೆ.

೧. ಮಂಡಕ್ಕಿ ಗಾಡಿಗೆ ಹೋದ ಭಾಗ

ಮೊದಲು ಡಿಕ್ಷನರಿ ಬೇಕಲ್ಲ. "ಮೊಬೈಲಲ್ಲೇ ಇದೆಯಲ್ಲಮ್ಮ" ಎಂದಳು ಮಗಳು. ಮೊಬೈಲಿನಲ್ಲಿ ಪದ ನೋಡಲು ಹೋದರೆ ನಾನು ಅರ್ಧ ಗಂಟೆ ಸೀರೆ ನೋಡಿಕೊಂಡು ಹೊರಗೆ ಬರುತ್ತೇನೆ. ಅದಕ್ಕೇ ಕಾಲೇಜಿನಿಂದ ಬರುವಾಗ ಹಳೇ ಪೇಪರ್ ಅಂಗಡಿಗೆ ಹೋದೆ. ಅಂಗಡಿಯ ಸಾಹೇಬರು ಒಳಗಿನಿಂದ ಇಟ್ಟಿಗೆ ದಪ್ಪದ ಒಂದು ಪುಸ್ತಕ ತಂದು ಧೂಳು ಕೊಡವಿದರು. ತೆರೆದರೆ ಅದು 'ಎಲ್' ಅಕ್ಷರದಿಂದ ಶುರುವಾಗುತ್ತಿತ್ತು.

"ಮೊದಲಿನ ಅರ್ಧ ಎಲ್ಲಿ ಸಾಹೇಬ್ರೆ?" ಅಂದೆ.

"ಮೊನ್ನೆ ಮಂಡಕ್ಕಿ ಗಾಡಿಯವನು ತಗೊಂಡು ಹೋದ ಅಕ್ಕಾ. ಪೊಟ್ಲ ಕಟ್ಟೋಕೆ."

"ಅರ್ಧ ಡಿಕ್ಷನರಿ ಇಟ್ಕೊಂಡು ನಾನೇನ್ ಮಾಡ್ಲಿ?"

ಸಾಹೇಬರು ನನಗೆ ಪಾಠ ಹೇಳುವವರ ಹಾಗೆ ನಿಧಾನವಾಗಿ ಹೇಳಿದರು: "ಅಕ್ಕಾ, ಮೊದಲಿನ ಅರ್ಧದಲ್ಲಿ ಏನಿರುತ್ತೆ? ಆಪಲ್, ಬಾಲ್, ಕ್ಯಾಟ್, ಡಾಗ್. ಮಕ್ಕಳಿಗೂ ಗೊತ್ತಿರೋದೇ. ಕಷ್ಟದ್ದೆಲ್ಲ ಕೊನೆಯ ಅರ್ಧದಲ್ಲೇ ಇರೋದು."

ಯೋಚಿಸಿದೆ. ಮಾತಿನಲ್ಲಿ ನ್ಯಾಯ ಇದೆ ಅನ್ನಿಸಿತು. ತಂದೆ.

ಅವತ್ತೇ ಒಂದು ನಿಯಮ ಮಾಡಿಕೊಂಡೆ. ದಿನಕ್ಕೆ ಒಂದು ಪದ. ಯಾರೂ ಬಳಸದ ಪದವೇ ಆಗಬೇಕು. ಅದನ್ನು ಸೂರ್ಯ ಮುಳುಗುವುದರೊಳಗೆ ಮೂರು ಸಲ, ಮೂರು ಜೀವಂತ ಮನುಷ್ಯರ ಮುಂದೆ ಬಳಸಬೇಕು. ಇಲ್ಲದಿದ್ದರೆ ಅವತ್ತಿನ ಸಂಜೆಯ ಕಾಫಿ ಇಲ್ಲ. ಕಾಫಿ ಬಿಟ್ಟರೆ ನನಗೆ ತಲೆನೋವು ಬರುತ್ತದೆ. ಆದ್ದರಿಂದ ಮುಂದೆ ಆದದ್ದಕ್ಕೆಲ್ಲ ನನ್ನೊಬ್ಬಳನ್ನೇ ಬೈಯಬೇಡಿ, ಕಾಫಿಗೂ ಪಾಲಿದೆ.

೨. ಸೊಸೆಗೆ ಬಂದದ್ದು

ಮೊದಲನೇ ವಾರದಲ್ಲೇ ಸಿಕ್ಕ ಪದ 'ಪಲ್ಕ್ರಿಟ್ಯೂಡ್'. ಅರ್ಥ ಸೌಂದರ್ಯ, ಚೆಲುವು. ಅವತ್ತು ಭಾನುವಾರ. ಪಕ್ಕದ ಮನೆಯ ಸೊಸೆಗೆ ಸೀಮಂತ. ಹಸಿರು ಬಳೆ ತೊಟ್ಟು, ತಲೆತುಂಬ ಮಲ್ಲಿಗೆ ಮುಡಿದು ಹುಡುಗಿ ನಿಜಕ್ಕೂ ಲಕ್ಷಣವಾಗಿ ಕೂತಿದ್ದಳು. ಆರತಿ ಎತ್ತಿ ಬಂದವಳು ಅವಳ ಅತ್ತೆಯ ಕಿವಿಯಲ್ಲಿ ಮೆತ್ತಗೆ ಹೇಳಿದೆ: "ನಿಮ್ಮ ಸೊಸೆಗೆ ಪಲ್ಕ್ರಿಟ್ಯೂಡ್ ತುಂಬಾ ಜಾಸ್ತಿ ಆಗಿದೆ ಕಣ್ರೀ."

ಅತ್ತೆಯ ಮುಖ ಒಂದು ಕ್ಷಣ ಬಿಳಿಚಿಕೊಂಡಿತು. ಕೂಡಲೇ ಸಾವರಿಸಿಕೊಂಡು, "ಹೌದು, ನಾವೂ ಗಮನಿಸಿದೀವಿ" ಎಂದರು. ಅವರಿಗೆ ಅರ್ಥವಾಯಿತು ಎಂದು ನಾನು ಖುಷಿಪಟ್ಟೆ. ಇನ್ನಿಬ್ಬರು ಹೆಂಗಸರ ಹತ್ತಿರವೂ ಅದನ್ನೇ ಹೇಳಿ ನನ್ನ ಲೆಕ್ಕ ಮುಗಿಸಿ, ಕೋಸಂಬರಿ ತಿಂದು ಮನೆಗೆ ಬಂದೆ.

ಮಾರನೇ ಸಂಜೆ ಆ ಅತ್ತೆ ನಮ್ಮ ಬಾಗಿಲಿಗೇ ಬಂದರು. "ನೀವು ಹೇಳಿದ್ದು ಒಳ್ಳೇದಾಯ್ತು ನೋಡಿ. ಬೆಳಿಗ್ಗೆನೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ದೆ."

"ಏನಂತ ಕೇಳಿದ್ರಿ?"

"ಪಲ್ಕ್ರಿಟ್ಯೂಡ್ ಜಾಸ್ತಿ ಆಗಿದೆಯಂತೆ, ಸ್ವಲ್ಪ ನೋಡಿ ಅಂದೆ. ಡಾಕ್ಟರು ಕಣ್ಣು ನೋಡಿದ್ರು, ನಾಲಿಗೆ ನೋಡಿದ್ರು, ಬಿಪಿ ನೋಡಿದ್ರು. ಆಮೇಲೆ ಹೌದು ಸ್ವಲ್ಪ ಇದೆ, ಈ ಟೈಮಲ್ಲಿ ಸಹಜ, ಹೆದರ್ಕೋಬೇಡಿ, ನೀರು ಚೆನ್ನಾಗಿ ಕುಡಿಸಿ ಅಂದ್ರು. ಹೆರಿಗೆ ಆದ್ಮೇಲೆ ತಾನೇ ಇಳಿದುಹೋಗುತ್ತಂತೆ."

೩. ಬಸ್ಸಿನಲ್ಲಿ ಬಂದ ಶಿಸ್ತು

ನಾನು ದಿನಾ ಹತ್ತುವ ಬಸ್ಸಿನ ಕಂಡಕ್ಟರಿಗೆ ಗಂಟಲು ದೇವರು ಕೊಟ್ಟ ಆಸ್ತಿ. ಭದ್ರಾವತಿಯಲ್ಲಿ ನಿಂತು "ಶಿಮೊಗ್ಗಾ ಶಿಮೊಗ್ಗಾ ಶಿಮೊಗ್ಗಾ" ಎಂದರೆ ಶಿವಮೊಗ್ಗದವರೇ ತಿರುಗಿ ನೋಡಬೇಕು. ಅವತ್ತಿನ ಪದ 'ವೊಸಿಫರಸ್'. ಜೋರು ಗಂಟಲಿನವನು ಎಂದರ್ಥ. ಇಷ್ಟು ಸರಿಯಾದ ಮನುಷ್ಯ ಇಷ್ಟು ಸರಿಯಾದ ದಿನ ಎದುರಿಗೇ ನಿಂತಿರುವಾಗ ಬಿಡುವುದುಂಟೇ? ಟಿಕೆಟ್ ಕೊಡಲು ಬಂದಾಗ ಕನ್ನಡಕ ಸರಿಮಾಡಿಕೊಂಡು, "ಯು ಆರ್ ವೆರಿ ವೊಸಿಫರಸ್" ಅಂದೆ. ಮರೆಯದಿರಲಿ ಎಂದು ನನ್ನ ಪುಟ್ಟ ನೋಟ್‌ಬುಕ್ಕಿನಲ್ಲಿ ಒಂದು ಗೀಟೂ ಹಾಕಿಕೊಂಡೆ.

ಆ ಗೀಟೇ ಎಡವಟ್ಟು ಮಾಡಿದ್ದು. ಇಂಗ್ಲಿಷ್ ಮಾತಾಡುವ ಹೆಂಗಸು, ಕನ್ನಡಕ, ಮೇಲಿಂದ ನೋಟ್‌ಬುಕ್ಕು. ಇಷ್ಟು ದಿನ ಸುಮ್ಮನೆ ಕೂತು ಗುಟ್ಟಾಗಿ ನೋಡುತ್ತಿದ್ದ ಚೆಕಿಂಗ್‌ನವರೇ ಇವರು ಎಂದು ಅವನು ತೀರ್ಮಾನಿಸಿಬಿಟ್ಟ. ಡ್ರೈವರ್ ಕಿವಿಯಲ್ಲಿ ಏನೋ ಊದಿದ. ಅಲ್ಲಿಂದ ಮುಂದೆ ಬಸ್ಸು ಮದುವೆ ಗಂಡಿನ ಹಾಗೆ ಗಂಭೀರವಾಗಿ ಹೊರಟಿತು. ಹಾಡು ನಿಂತಿತು. ಬಾಗಿಲಲ್ಲಿ ನೇತಾಡುತ್ತಿದ್ದವರು ಒಳಗೆ ಬಂದರು. ಕೈ ತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸು ಸ್ಟಾಪ್ ಬಿಟ್ಟು ಬೇರೆಲ್ಲೂ ನಿಲ್ಲಲಿಲ್ಲ. ನೋಡಿ, ಒಂದು ಪದ ಎಷ್ಟು ಕೆಲಸ ಮಾಡಿತು ಎಂದು ನಾನು ಎದೆಯುಬ್ಬಿಸಿ ಕೂತಿದ್ದೆ.

ದಿನಾ ನಾನು ಇಳಿಯುವುದು ಊರೊಳಗಿನ ಸಿಗ್ನಲ್ ಹತ್ತಿರ. ಅದು ಸ್ಟಾಪ್ ಅಲ್ಲ. ಆದರೆ ಅಲ್ಲಿ ಇಳಿದರೆ ನನ್ನ ಕಾಲೇಜು ನಾಲ್ಕು ಹೆಜ್ಜೆ. ಎದ್ದು ಬಾಗಿಲ ಹತ್ತಿರ ಹೋದೆ.

"ಇಲ್ಲಿ ಸ್ಟಾಪಿಲ್ಲ ಮೇಡಂ. ರೂಲ್ಸ್ ನಿಮಗೆ ಗೊತ್ತಲ್ಲ" ಎಂದ ಕಂಡಕ್ಟರ್, ಕೈ ಕಟ್ಟಿಕೊಂಡು.

ಬಸ್‌ಸ್ಟ್ಯಾಂಡಿಗೆ ಹೋಗಿ ಇಳಿದು, ಬಿಸಿಲಲ್ಲಿ ವಾಪಸ್ ನಡೆದುಕೊಂಡು ಬಂದೆ. ಇವತ್ತಿಗೂ ಆ ಬಸ್ಸಿನಲ್ಲಿ ಎಲ್ಲರಿಗೂ ಸಿಗ್ನಲ್‌ನಲ್ಲಿ ಇಳಿಯಲು ಬಿಡುತ್ತಾರೆ, ನಾನಿರುವ ದಿನ ಬಿಟ್ಟು.

೪. ಮನೆಯಲ್ಲೇ ಇದ್ದ ಪಂಡಿತರು

ನಮ್ಮ ಯಜಮಾನರು ಭದ್ರಾವತಿಯ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೇಲೆ ಕಬ್ಬಿಣ ಕಡೆಯುವವರು. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ, ಆ ಭಾಷೆಯ ಸಹವಾಸವೇ ಬೇಡ ಎಂದು ಬಿಟ್ಟವರು. ಗ್ಯಾಸ್ ಬುಕ್ ಮಾಡಿ ಎಂದು ಮೂರು ದಿನದಿಂದ ಹೇಳುತ್ತಿದ್ದೆ, ಮಾಡಿರಲಿಲ್ಲ. ಅವತ್ತಿನ ಪದ 'ಒಬ್ಡ್ಯುರೇಟ್', ಅಂದರೆ ಜಪ್ಪಯ್ಯ ಅಂದರೂ ಬಗ್ಗದ ಮೊಂಡ.

"ರೀ, ನೀವು ಪಕ್ಕಾ ಒಬ್ಡ್ಯುರೇಟ್."

ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ನಿನ್ನ ಮಾತಿಗೆ ಯಾರೋ ನರ್ಲಿಂಗ್ ಹೊಡ್ದಿದಾರೆ ಮಾರಾಯ್ತಿ."

"ಏನು ಹೊಡ್ದಿದಾರೆ?"

"ನರ್ಲಿಂಗ್. ಹಿಡಿ ಕೈಯಿಂದ ಜಾರಬಾರ್ದು ಅಂತ ಕಬ್ಬಿಣದ ಮೇಲೆ ಸಣ್ಣಸಣ್ಣಗೆ ತರಿ ಮಾಡ್ತೀವಲ್ಲ, ಅದು."

ಓಡಿಹೋಗಿ ಡಿಕ್ಷನರಿ ತಂದೆ. ಮಗಳು ಸ್ಪೆಲಿಂಗ್ ಹುಡುಕಿ ಹೇಳಿದರೆ, ಪದ ಶುರುವಾಗುವುದು 'ಕೆ'ಯಿಂದ. ಮಂಡಕ್ಕಿ ಗಾಡಿಗೆ ಹೋದ ಭಾಗ. "ಬೇರೆ ಯಾವುದಾದ್ರೂ ಹೇಳಿ" ಅಂದೆ. ಅವರು ಪೇಪರ್ ಓದುತ್ತಲೇ "ಮ್ಯಾಂಡ್ರೆಲ್" ಅಂದರು. ಇತ್ತು. "ಟೇಲ್‌ಸ್ಟಾಕ್" ಅಂದರು. ಅದೂ ಇತ್ತು. "ಸ್ಪಿಂಡಲ್, ಸ್ವಾರ್ಫ್, ರ‍್ಯಾಚೆಟ್" ಎಂದು ವರ್ಕ್‌ಶಾಪಿನ ಪದಗಳನ್ನು ತರಕಾರಿ ಹೆಸರಿನ ಹಾಗೆ ಹೇಳುತ್ತಾ ಹೋದರು. ಎಲ್ಲವೂ ಇದ್ದವು. ನಾನು ಒಂದು ತಿಂಗಳಿಂದ ತಲೆ ಕೆಡಿಸಿಕೊಂಡು ಗುಡ್ಡೆ ಹಾಕಿದ್ದಕ್ಕಿಂತ ಜಾಸ್ತಿ ಪದ ಈ ಮನುಷ್ಯನ ಅಂಗಿ ಜೇಬಿನಲ್ಲೇ ಇವೆ. ನನಗೆ ಹೊಟ್ಟೆಕಿಚ್ಚೂ ಆಯಿತು, ಹೆಮ್ಮೆಯೂ ಆಯಿತು.

"ಇಷ್ಟು ಇಂಗ್ಲಿಷ್ ಇಟ್ಕೊಂಡು ಒಂದು ದಿನಾನೂ ಹೇಳ್ಲಿಲ್ಲವಲ್ಲ ನೀವು."

ಈ ಸಲ ಅವರು ಪೇಪರ್ ಕೆಳಗಿಟ್ಟರು. ನಿಜವಾಗಿಯೂ ಆಶ್ಚರ್ಯಪಟ್ಟು ಕೇಳಿದರು: "ಅದು ಇಂಗ್ಲಿಷಾ? ನಾನು ಭದ್ರಾವತಿ ಮಾತು ಅಂದ್ಕೊಂಡಿದ್ದೆ."

೫. ಸರ್ಕ್ಯುಲರ್ ಬುಕ್ಕು

ಇಂಟರ್‌ವ್ಯೂಗೆ ಒಂದೂವರೆ ತಿಂಗಳು ಇರುವಾಗ ಸೆಕ್ರೆಟರಿ ಹೇಳಿಕಳಿಸಿದರು. "ಕಾಲೇಜಲ್ಲಿ ಶಿಸ್ತಿಲ್ಲ. ಒಂದು ಸ್ಟ್ರಿಕ್ಟ್ ಸರ್ಕ್ಯುಲರ್ ಬರೀರಿ. ಇಂಗ್ಲಿಷಲ್ಲಿ. ಇದನ್ನೇ ನಿಮ್ಮ ಪರೀಕ್ಷೆ ಅಂದ್ಕೊಳ್ಳಿ."

ಯಾವ ಶಿಸ್ತು ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಸುಮ್ಮನೆ ಕೂತು ಸುತ್ತ ನೋಡಿದೆ. ಸ್ಟಾಫ್ ರೂಮಿನಿಂದ ವರಾಂಡದವರೆಗೆ ಎಲ್ಲರೂ ಎರಡು ಕೈ ಮೇಲೆತ್ತಿ ಮೈ ಮುರಿಯುತ್ತಾ ಆಕಳಿಸುತ್ತಿದ್ದರು. ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ ಇದೆ, ಮೊನ್ನೆ ತಾನೇ ನೋಡಿದ್ದೆ. 'ಪ್ಯಾಂಡಿಕ್ಯುಲೇಷನ್'. ಹಳೇ ಸರ್ಕ್ಯುಲರ್ ನೋಡಿಕೊಂಡು ಇಂಗ್ಲಿಷಿನಲ್ಲೇ ಬರೆದೆ. ಕೆಲಸದ ವೇಳೆಯಲ್ಲಿ ಯಾರೂ ಪ್ಯಾಂಡಿಕ್ಯುಲೇಷನ್ ಮಾಡಕೂಡದು. ವರಾಂಡದಲ್ಲಿ ಪ್ಯಾಂಡಿಕ್ಯುಲೇಷನ್ ಕಂಡುಬಂದರೆ ಗಂಭೀರವಾಗಿ ಪರಿಗಣಿಸಲಾಗುವುದು. ಪ್ಯಾಂಡಿಕ್ಯುಲೇಷನ್ ಚಾಳಿ ಇರುವವರು ಕೂಡಲೇ ಬಿಡತಕ್ಕದ್ದು. ಸಂಜೆ ಹತ್ತಿರವಾಗಿತ್ತು, ಅವತ್ತಿನ ಮೂರು ಸಲ ಒಂದೇ ಹಾಳೆಯಲ್ಲಿ ಮುಗಿಯಿತು.

ನಮ್ಮಲ್ಲಿ ಸರ್ಕ್ಯುಲರ್ ಅಂದರೆ ಗೋಡೆಗೆ ಅಂಟಿಸುವುದಲ್ಲ. ಒಂದು ಉದ್ದನೆಯ ಪುಸ್ತಕ ಇದೆ. ಅದರಲ್ಲಿ ಹಾಳೆ ಅಂಟಿಸಿ, ಅಟೆಂಡರ್ ಅದನ್ನು ಎದೆಗವಚಿಕೊಂಡು ಒಬ್ಬೊಬ್ಬರ ಹತ್ತಿರ ಹೋಗುತ್ತಾರೆ. ಅವರು ಓದಿ ಸಹಿ ಹಾಕಬೇಕು. ಅಧ್ಯಕ್ಷರು, ಸೆಕ್ರೆಟರಿ, ಪ್ರಿನ್ಸಿಪಾಲರು ಯಾರನ್ನೂ ಬಿಡುವ ಹಾಗಿಲ್ಲ. ಆಮೇಲೆ ಪುಸ್ತಕ ವಾಪಸ್ ನನ್ನ ಬೀರುವಿಗೆ. ನಮ್ಮ ಅಟೆಂಡರ್ ರಾಗಿಗುಡ್ಡದ ಕಡೆಯವರು, ನನಗಿಂತ ಹಳಬರು, ಏಳನೇ ಕ್ಲಾಸಿನವರೆಗೆ ಓದಿದವರು. ಪುಸ್ತಕ ತೆಗೆದುಕೊಳ್ಳುವಾಗ, "ಆ ಪದ ಒಂದ್ಸಲ ಜೋರಾಗಿ ಹೇಳಿ ಮೇಡಂ" ಎಂದರು. ಹೇಳಿದೆ. ಬಾಯಲ್ಲಿ ನಾಲ್ಕು ಸಲ ಹೊರಳಿಸಿ ಕಲಿತುಕೊಂಡು ಹೋದರು.

ಮಾರನೇ ಸಂಜೆ ಹೊತ್ತಿಗೆ ಎಲ್ಲರ ಸಹಿ ಬಂದಿತ್ತು. ಒಬ್ಬರೂ ಅರ್ಥ ಕೇಳಲಿಲ್ಲ. ಅಷ್ಟು ಓದಿದವರು ಒಬ್ಬ ಕ್ಲರ್ಕಿನ ಹತ್ತಿರ ಬಂದು ಇಂಗ್ಲಿಷ್ ಪದದ ಅರ್ಥ ಕೇಳುತ್ತಾರೆಯೇ?

ಆದರೆ ಒಂದೇ ವಾರದಲ್ಲಿ ಕಾಲೇಜು ಬದಲಾಯಿತು. ಇಪ್ಪತ್ತು ವರ್ಷದಿಂದ ಎಲೆಅಡಿಕೆ ಉಗಿದು ಕೆಂಪಾಗಿದ್ದ ವಾಷ್‌ಬೇಸಿನ್ ಬೆಳ್ಳಗಾಯಿತು. ಲೆಕ್ಚರರ್‌ಗಳು ಟೀ ಕುಡಿದು ಲೋಟ ತಾವೇ ತೊಳೆದಿಟ್ಟರು. ಮೇಜಿನ ಮೇಲೆ ಬಾಳೆಹಣ್ಣಿನ ಸಿಪ್ಪೆ ಕಾಣದಾಯಿತು. ಫ್ಯಾನ್ ಹಾಕಿಸಲು ಐದು ಸಲ ಬೆಲ್ ಹೊಡೆಯುತ್ತಿದ್ದ ಪ್ರಿನ್ಸಿಪಾಲರು ತಾವೇ ಎದ್ದು ಸ್ವಿಚ್ ಒತ್ತುತ್ತಿದ್ದರು. ಸೆಕ್ರೆಟರಿಯವರು ಬೆಳಿಗ್ಗೆ ತಮ್ಮ ಮನೆಯ ಗಿಡಕ್ಕೆ ನೀರು ಹಾಕಲು ಅಟೆಂಡರನ್ನು ಕರೆಸಿಕೊಳ್ಳುವುದೂ ನಿಂತಿತು.

ಮೈ ಮುರಿಯುವುದು, ಆಕಳಿಸುವುದು ಮಾತ್ರ ಮೊದಲಿನಂತೆಯೇ ಸಾಂಗವಾಗಿ ನಡೆದಿತ್ತು.

೬. ಇಂಟರ್‌ವ್ಯೂ

ಇಂಟರ್‌ವ್ಯೂ ದಿನ ಅರ್ಧ ಡಿಕ್ಷನರಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋದೆ. ಎದುರಿಗೆ ಮೂರು ಜನ. ನಡುವೆ ಅಡಿಕೆ ಮಂಡಿಯ ಮಾಲೀಕರಾದ ನಮ್ಮ ಅಧ್ಯಕ್ಷರು, ಆಚೆ ಈಚೆ ಸೆಕ್ರೆಟರಿ ಮತ್ತು ಪ್ರಿನ್ಸಿಪಾಲರು. ಹೊರಗೆ ಬೆಂಚಿನ ಮೇಲೆ ಟೈ ಕಟ್ಟಿಕೊಂಡ ಒಬ್ಬರು ಕೂತಿದ್ದರು. ಅವರೇ ಹೊರಗಿನವರು ಎಂದು ನೋಡಿದ ಕೂಡಲೇ ಗೊತ್ತಾಯಿತು. ಇಪ್ಪತ್ತೆರಡು ವರ್ಷ ಕೆಲಸ ಮಾಡಿ, ನಾಳೆಯಿಂದ ಈ ಟೈಗೆ ನಮಸ್ಕಾರ ಹೊಡೆಯಬೇಕಾ ಅನ್ನಿಸಿತು. ಹಲ್ಲು ಕಚ್ಚಿಕೊಂಡು ಒಳಗೆ ಹೋಗಿ ಕೂತೆ.

ಪ್ರಿನ್ಸಿಪಾಲರು ಮೊದಲ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಅದರಲ್ಲಿ ಡಿಸ್ಕ್ರೈಬ್ ಇತ್ತು, ಕೋಆರ್ಡಿನೇಷನ್ ಇತ್ತು, ಅಕೌಂಟಬಿಲಿಟಿ ಇತ್ತು. ಮೂರೂ ಮಂಡಕ್ಕಿ ಗಾಡಿಗೆ ಹೋದ ಭಾಗದವು. ಹೇಗೋ ಏನೋ ಹೇಳಿದೆ, ನನಗೇ ಸಮಾಧಾನವಾಗಲಿಲ್ಲ. ಅವರು ಕಾಗದದ ಮೇಲೆ ಏನೋ ಗುರುತು ಹಾಕಿಕೊಂಡರು. ಆ ಗುರುತು ಒಳ್ಳೆಯದಾಗಿ ಕಾಣಲಿಲ್ಲ.

ಆಗ ಸೆಕ್ರೆಟರಿ ಗಂಟಲು ಸರಿಮಾಡಿಕೊಂಡರು. "ಆ ಸರ್ಕ್ಯುಲರಲ್ಲಿ ಒಂದು ಪದ ಬಳಸಿದ್ರಲ್ಲ. ನನಗೆ ಗೊತ್ತು. ಆದ್ರೂ ಇವರಿಬ್ಬರಿಗೋಸ್ಕರ ಒಂದ್ಸಲ ವಿವರಿಸಿ."

"ನನಗೂ ಗೊತ್ತು" ಎಂದರು ಪ್ರಿನ್ಸಿಪಾಲರು. "ನನಗೇನ್ ಗೊತ್ತಿಲ್ಲ ಅಂದ್ಕೊಂಡ್ರಾ?" ಎಂದರು ಅಧ್ಯಕ್ಷರು.

ಇಂಗ್ಲಿಷಿನಲ್ಲಿ ವಿವರಿಸಲು ಹೊರಟೆ. ಒಂದು ಪದವೂ ನಾಲಿಗೆಗೆ ಬರಲಿಲ್ಲ. ಇಷ್ಟು ದೂರ ಬಂದು ಸುಮ್ಮನೆ ಕೂರುವುದು ಸಾಧ್ಯವಿರಲಿಲ್ಲ. ಎದ್ದು ನಿಂತೆ. ಎರಡು ಕೈ ಸೂರಿಗೆ ಎತ್ತಿ, ಸೊಂಟ ತಿರುಗಿಸಿ, ಮೈಯೆಲ್ಲ ಲಟಲಟ ಮುರಿದು, ಬಾಯಿ ಪೂರ್ತಿ ತೆರೆದು ಉದ್ದಕ್ಕೆ ಆಕಳಿಸಿದೆ.

ಆಕಳಿಕೆ ಎದುರಿಗಿದ್ದವರನ್ನು ಬಿಡುವುದಿಲ್ಲವಲ್ಲ. ಮೊದಲು ಅಧ್ಯಕ್ಷರಿಗೆ ಬಂತು, ಅವರಿಂದ ಪ್ರಿನ್ಸಿಪಾಲರಿಗೆ ಹೋಯಿತು, ಸೆಕ್ರೆಟರಿ ಫೈಲು ಅಡ್ಡ ಹಿಡಿದುಕೊಂಡು ಮುಗಿಸಿದರು.

"ಇಷ್ಟೇ ಸರ್" ಅಂದೆ. "ಮೈ ಮುರಿದು ಆಕಳಿಸೋದು."

"ಇಷ್ಟೇನಾ?" ಅಧ್ಯಕ್ಷರು ಮೇಜು ಹಿಡಿದುಕೊಂಡು ಎದ್ದೇಬಿಟ್ಟರು. "ಮತ್ತೆ ಒಂದೂವರೆ ತಿಂಗಳಿಂದ ನಾನು ಎಲೆಅಡಿಕೆ ಬಿಟ್ಟಿರೋದು ಯಾಕೆ? ಮಂಡಿ ಇಟ್ಕೊಂಡು ಅಡಿಕೆ ಬಿಟ್ಟೋನು ಇಡೀ ಜಿಲ್ಲೇಲಿ ನಾನೊಬ್ನೇ."

ಪ್ರಿನ್ಸಿಪಾಲರು ಫ್ಯಾನಿನ ಸ್ವಿಚ್ ನೋಡಿದರು. ಸೆಕ್ರೆಟರಿ ಯಾರನ್ನೂ ನೋಡಲಿಲ್ಲ. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಆದರೂ ಬಿಡಲಿಲ್ಲ, ಬ್ಯಾಗಿನಿಂದ ಅರ್ಧ ಡಿಕ್ಷನರಿ ತೆಗೆದು ಪುಟ ತೆರೆದು ಮೇಜಿನ ಮೇಲಿಟ್ಟೆ. "ಪದ ಸರಿಯಾಗೇ ಇದೆ ಸರ್. ನೋಡಿ."

ಸೆಕ್ರೆಟರಿ ನೋಡಿದರು. ಪುಸ್ತಕ ಮುಚ್ಚಿದರು. ಅದನ್ನು ನನ್ನ ಕಡೆ ತಳ್ಳಿ ಹೇಳಿದರು: "ಈ ಕಾಲೇಜಲ್ಲಿ ಇವತ್ತಿನವರೆಗೆ ಒಂದು ಸರ್ಕ್ಯುಲರನ್ನೂ ಯಾರೂ ಪಾಲಿಸಿರಲಿಲ್ಲ. ಇದನ್ನ ಎಲ್ಲರೂ ಪಾಲಿಸಿದಾರೆ. ಕುರ್ಚಿ ನಿಮ್ದೇ ಅಮ್ಮ. ಒಂದೇ ಕಂಡಿಷನ್ನು. ಆ ಪದದ ಅರ್ಥ ಈ ರೂಮು ಬಿಟ್ಟು ಆಚೆ ಹೋಗಬಾರ್ದು."

ಹೊರಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಅಟೆಂಡರ್ ಟೀ ಹಿಡಿದುಕೊಂಡು ನಿಂತಿದ್ದರು. ವಿಷಯ ಹೇಳಿದೆ. ಹೇಳುತ್ತಾ ಕಣ್ಣು ತುಂಬಿ ಬಂತು. "ನೋಡಿ, ಒಂದು ಪದ ಇಷ್ಟು ಮಾಡ್ತು" ಅಂದೆ.

"ಹೌದು ಮೇಡಂ" ಎಂದರು ಅವರು, ಲೋಟ ನನ್ನ ಕೈಗಿಡುತ್ತಾ. "ಪದ ನಿಮ್ದು, ಅರ್ಥ ನಂದು."

ನನಗೆ ತಿಳಿಯಲಿಲ್ಲ.

"ಎಲ್ಲರೂ ಓದಿ ಸೈನ್ ಹಾಕೋ ಮುಂಚೆ ಒಂದ್ಸಲ ನನ್ನ ಮುಖ ನೋಡಿದ್ರು ಮೇಡಂ. ಬಾಯಿ ಬಿಟ್ಟು ಯಾರೂ ಕೇಳ್ಲಿಲ್ಲ. ಪಾಪ ಅನ್ನಿಸ್ತು. ಅಧ್ಯಕ್ಷರಿಗೆ, ಅದು ಬೇಸಿನಲ್ಲಿ ಉಗಿಯೋದರ ಬಗ್ಗೆ ಸಾರ್ ಅಂದೆ. ಲೆಕ್ಚರರ್‌ಗಳಿಗೆ ಲೋಟ, ಸಿಪ್ಪೆ ಅಂದೆ. ಪ್ರಿನ್ಸಿಪಾಲರಿಗೆ ಬೆಲ್ಲು. ಸೆಕ್ರೆಟರಿ ಸಾಹೇಬ್ರಿಗೆ, ಅಟೆಂಡರನ್ನ ಮನೆ ಕೆಲಸಕ್ಕೆ ಕರೆಸ್ಕೊಳ್ಳೋದಕ್ಕೆ ಹಂಗಂತಾರಂತೆ ಸಾರ್ ಅಂದೆ. ಗೊತ್ತು ಗೊತ್ತು ಅಂತ ಎಲ್ರೂ ಸೈನ್ ಹಾಕಿದ್ರು."

ಅವರು ಆಚೆ ಈಚೆ ನೋಡಿ, ಹತ್ತಿರ ಬಂದು ದನಿ ತಗ್ಗಿಸಿದರು.

"ಮುಂದಿನ ಪದ ಬೇಗ ಹುಡುಕಿ ಮೇಡಂ. ಮೇಲಿನ ಮಹಡಿಗೆ ನೀರಿನ ಕ್ಯಾನ್ ಹೊರೋದೊಂದು ಉಳ್ಕೊಂಡಿದೆ."